ನೀರು ಬಂತು, ಸವುಳೂ ಬಂತು



ಸಿಂಧನೂರು, ಮಸ್ಕಿ, ಲಿಂಗಸುಗೂರು ಸೀಮೆಯ ಎರೆಹೊಲಗಳು ಹಿಂದೆ ಮಳೆಯನ್ನೇ ನಂಬಿದ್ದವು. ಜೋಳ, ಹತ್ತಿ, ಕಡಲೆ ನಮ್ಮ ಬೆಳೆ. 1953ರಲ್ಲಿ ತುಂಗಭದ್ರೆಯ ಅಣೆಕಟ್ಟಿನಿಂದ ಕಾಲುವೆಗೆ ನೀರು ಬಿಟ್ಟರು. ಮುಂದೆ ಎಡದಂಡೆ ಕಾಲುವೆ ಸಿಂಧನೂರಿನ ಬಾಳನ್ನೇ ಬದಲಿಸಿತು. ಸ್ವಲ್ಪ ನೀರಿನಲ್ಲಿ ಹೆಚ್ಚು ಹೊಲ ಬೆಳೆಯಲಿ ಅಂತ ಆ ಕಾಲುವೆಯ ಯೋಜನೆ. ಆದರೆ ನೀರು ಕಂಡ ಮೇಲೆ ಮೇಲ್ಭಾಗದವರು ಭತ್ತ ಹಚ್ಚಿದರು. ಕೊನೆಯವರಿಗೆ ನೀರು ಸಾಲದಾಯಿತು. ತಗ್ಗಿನ ಹೊಲಗಳಿಗೆ ಜವುಳು ಹಿಡಿಯಿತು. ಒಳಗಿನ ನೀರು ಮೇಲಕ್ಕೇರಿ ಆರಿತು, ಅದರೊಳಗಿನ ಉಪ್ಪು ಮೇಲೆಯೇ ಉಳಿಯಿತು.

ಇದರಿಂದ ಬೆಳೆಗಷ್ಟೇ ಅಲ್ಲ, ಮಣ್ಣಿನ ಜೀವಿಗಳಿಗೂ ಕೇಡು. ತೊಗರಿ, ಕಡಲೆಯಂಥ ದ್ವಿದಳ ಪೈರಿನ ಬೇರುಗಂಟಿನಲ್ಲಿ ಗಾಳಿಯ ಸಾರಜನಕ ಹಿಡಿಯುವ ಅಣುಜೀವಿಯನ್ನು 1888ರಲ್ಲಿ ಡಚ್ ವಿಜ್ಞಾನಿ ಬೈಯರಿಂಕ್ ಬೇರ್ಪಡಿಸಿದರು. ಅಮೋನಿಯವನ್ನು ಪೈರಿಗೆ ಒಗ್ಗುವ ನೈಟ್ರೇಟು ಮಾಡುವ ಜೀವಿಗಳನ್ನು 1890ರ ಸುಮಾರಿಗೆ ರಷ್ಯದ ವಿನೋಗ್ರಾಡ್‌ಸ್ಕಿ ತೋರಿಸಿದರು. ಕೂಲಿ ಕೇಳದೆ ದುಡಿಯುವ ಆಳುಗಳು ಇವು!

ಮನುಷ್ಯರಿಗೂ ದನಕರುಗಳಿಗೂ ಉಪ್ಪು ಬೇಕು, ಇವಕ್ಕೆ ಬೇಡವೇ ಅಂತ ನೀವು ಕೇಳಬಹುದು. ಸಮುದ್ರದ ಅಣುಜೀವಿಗಳಲ್ಲಿ ಅನೇಕಕ್ಕೆ ಉಪ್ಪಿನೊಳಗಿನ ಸೋಡಿಯಂ ಇಲ್ಲದೆ ಬಾಳಿಲ್ಲ. ಹೊಲದ ಜೀವಿಗಳಲ್ಲಿ ಬಹುಪಾಲಿಗೆ ಅದು ಬೇಕೇ ಇಲ್ಲ. ಬೇಕಾದವಕ್ಕೂ ಸಾಕಾಗುವಷ್ಟು ಮಣ್ಣಿನಲ್ಲೇ ಇರ್ತದೆ.

ಹೆಚ್ಚಾದರೆ ಮಾತ್ರ ಎರಡು ಪೆಟ್ಟು. ಉಪ್ಪು ಜೀವಿಯ ಮೈನೀರನ್ನೇ ಹೀರುತ್ತದೆ. ಸೋಡಿಯಂ ಮಣ್ಣಿನ ಹರಳು ಒಡೆಯುತ್ತದೆ: ನೆಂದರೆ ಅಂಟು, ಒಣಗಿದರೆ ಕಲ್ಲು. ಗಾಳಿ ಆಡದೆ ಜೀವಿಗಳು ಕಟ್ಟುಸಿರು ಬಿಡುತ್ತವೆ, ಬೇರುಗಂಟು ಕಡಿಮೆಯಾಗುತ್ತದೆ, ಹಾಕಿದ ಯೂರಿಯದಲ್ಲೂ ಒಂದು ಪಾಲು ಗಾಳಿಗೆ ಹೋಗುತ್ತದೆ.

ಹಾಗಾದರೆ ಮಾಡುವುದೇನು? ಮೊದಲು ಮಣ್ಣು ಪರೀಕ್ಷೆ ಮಾಡಿಸಿರಿ. ಬರೀ ಉಪ್ಪಿನ ನೆಲವಾದರೆ ಬಸಿಗಾಲುವೆ ತೋಡಿ ಒಳ್ಳೆಯ ನೀರಿನಿಂದ ತೊಳೆದರೆ ಸಾಕು. ರಸಸಾರ 8.5 ದಾಟಿ ಸೋಡಿಯಂ ಹೆಚ್ಚಿದ್ದರೆ ಪರೀಕ್ಷೆ ಹೇಳಿದಷ್ಟು ಜಿಪ್ಸಂ ಹಾಕಿರಿ. ಅದರ ಕ್ಯಾಲ್ಸಿಯಂ ಸೋಡಿಯಮ್ಮನ್ನು ಜಾಗ ಬಿಡಿಸುತ್ತದೆ. ಬಿಟ್ಟದ್ದು ಹರಿದುಹೋಗಲು ಬಸಿಗಾಲುವೆ ಇರಲೇಬೇಕು. ಆಮೇಲೆ ತಿಪ್ಪೆಗೊಬ್ಬರ, ಡಯಾಂಚದ ಹಸಿರೆಲೆ ಕೊಟ್ಟರೆ ಆಳುಗಳು ಮತ್ತೆ ಕೆಲಸಕ್ಕೆ ಬರ್ತಾವೆ.

1982ರಲ್ಲಿ ಕೃಷ್ಣೆಗೆ ನಾರಾಯಣಪುರದ ಅಣೆಕಟ್ಟು ಮುಗಿಯಿತು. ಮುಂದೆ ಅದರ ಬಲದಂಡೆ ಕಾಲುವೆ ಲಿಂಗಸುಗೂರು ಸೀಮೆಗೂ ನೀರು ತಂದಿತು. ಸಿಂಧನೂರಿನವರು ಹೊಲ ಕೆಡಿಸಿಕೊಂಡು ಕಲಿತ ಪಾಠವನ್ನು ಲಿಂಗಸುಗೂರಿನವರು ಹೊಲ ಕೆಡುವ ಮೊದಲೇ ಕಲಿಯಬಹುದು. ನೀರು ಕಟ್ಟುವ ಮುಂಚೆ ಅದು ಬಸಿದುಹೋಗುವ ದಾರಿ ನೋಡಿರಿ.