ಖಾಲಿ ಫಲಕದ ಸಿದ್ಧತೆ: ಅಮೂಲ್, ‘ಮಂಥನ್’ ಮತ್ತು ನಂದಿನಿ

ಒಂದು ಬ್ರ್ಯಾಂಡ್ ಜನಪ್ರಿಯ ಸಂಸ್ಕೃತಿಯೊಳಗೆ ಸೇರಿದೆಯೇ ಎಂದು ತಿಳಿಯಲು ಮಾರಾಟದ ಅಂಕಿಗಳು ಸಾಲುವುದಿಲ್ಲ. ಅದನ್ನು ಕೊಳ್ಳದವರೂ ಬಳಸುತ್ತಾರೆಯೇ ಎಂದು ಕೇಳಬೇಕು: ಮಾತಿನಲ್ಲಿ, ತಮಾಷೆಯಲ್ಲಿ, ಕೆಲವೊಮ್ಮೆ ಜಗಳದಲ್ಲಿ. ಬೆಣ್ಣೆ ತಿನ್ನದವರೂ ಅಮೂಲ್ ಹುಡುಗಿ ಈ ಸಲ ಏನಂದಳು ಎಂದು ನೋಡುತ್ತಾರೆ. ಇಂಥ ಸ್ಥಾನ ಅದೃಷ್ಟದಿಂದ ಬರುತ್ತದೆ ಎಂಬ ನಂಬಿಕೆ ಜಾಹೀರಾತು ವಲಯದಲ್ಲಿ ಗಟ್ಟಿಯಾಗಿದೆ. ಹಾಗಾಗಿಯೇ ಯಾವುದೋ ಮೀಮ್ ಹರಿದಾಡತೊಡಗಿದ ಮೇಲೆ ಎಲ್ಲರೂ ಅದರ ಹಿಂದೆ ಓಡುತ್ತಾರೆ. ಯುದ್ಧಕಾಲೇ ಶಸ್ತ್ರಾಭ್ಯಾಸ ಎಂದರೆ ಇದೇ. ಅದೃಷ್ಟಕ್ಕೆ ಬಹಳ ಮುಂಚೆಯೇ ಒಂದು ಸಿದ್ಧತೆ ನಡೆದಿರುತ್ತದೆ, ಆ ಸಿದ್ಧತೆ ಬಹುಪಾಲು ಆಡಳಿತದ ಸ್ವರೂಪದ್ದು ಎಂಬುದು ಈ ಲೇಖನದ ವಾದ. ಅದಕ್ಕೆ ಹಾಲಿನ ಸಹಕಾರ ಚಳವಳಿಯಿಂದ ಹುಟ್ಟಿದ ಎರಡು ಹೆಸರುಗಳನ್ನು ಆಧಾರವಾಗಿ ತೆಗೆದುಕೊಂಡಿದ್ದೇನೆ.

ಮುಂದೆ ಅಮೂಲ್ ಎಂದು ಹೆಸರಾದ, ಗುಜರಾತಿನ ಖೇಡಾ ಜಿಲ್ಲೆಯ ಹಾಲು ಉತ್ಪಾದಕರ ಒಕ್ಕೂಟ 1946ರಲ್ಲಿ ಹುಟ್ಟಿದ್ದು ಪೋಲ್ಸನ್ ಡೇರಿಯ ಏಕಸ್ವಾಮ್ಯದ ವಿರುದ್ಧ. ಬೆಣ್ಣೆಯ ಮಾರುಕಟ್ಟೆಯಲ್ಲೂ ಪೋಲ್ಸನ್ ಹೆಸರು ಬೇರೂರಿತ್ತು. 1966ರಲ್ಲಿ ಅಮೂಲ್ ಬೆಣ್ಣೆಯ ಪ್ರಚಾರದ ಹೊಣೆ ಎಎಸ್‌ಪಿ ಎಂಬ ಜಾಹೀರಾತು ಸಂಸ್ಥೆಯ ಸಿಲ್ವೆಸ್ಟರ್ ಡಕುನ್ಹಾ ಅವರ ಕೈಗೆ ಬಂತು. ಕಲಾ ನಿರ್ದೇಶಕ ಯೂಸ್ಟೇಸ್ ಫರ್ನಾಂಡಿಸ್ ಚುಕ್ಕಿ ಫ್ರಾಕಿನ, ನೀಲಿ ಕೂದಲಿನ ಹುಡುಗಿಯನ್ನು ಬರೆದರು. ಘೋಷವಾಕ್ಯ ಹುಡುಕುತ್ತಿದ್ದ ಡಕುನ್ಹಾ ‘ಅಟರ್ಲಿ’ ಎಂಬ ಪದದವರೆಗೆ ಬಂದು ನಿಂತಿದ್ದಾಗ ‘ಬಟರ್ಲಿ’ಯನ್ನು ಸೇರಿಸಿದ್ದು ಅವರ ಪತ್ನಿ ನಿಶಾ. ಇಂಗ್ಲಿಷಿನಲ್ಲಿ ಇಲ್ಲದ ಪದವೊಂದು ಹೀಗೆ ಮನೆಯೊಳಗಿನ ಮಾತಿನಲ್ಲಿ ಹುಟ್ಟಿತು.

ಇಲ್ಲಿ ಗಮನಿಸಬೇಕಾದದ್ದು ಚಿತ್ರದ ಮುದ್ದುತನಕ್ಕಿಂತ ಅದರ ಸರಳತೆ. ಆಗ ಹೋರ್ಡಿಂಗ್‌ಗಳನ್ನು ಪೇಂಟರುಗಳು ಕೈಯಲ್ಲೇ ಬರೆಯುತ್ತಿದ್ದರು. ಮಾತು ಆಗಾಗ ಬದಲಾಗಬೇಕೆಂದರೆ ಚಿತ್ರ ಯಾರು ಬರೆದರೂ ಕೆಡದಷ್ಟು ಸುಲಭವಾಗಿರಬೇಕು. ಕೆಲವೇ ಗೆರೆಗಳಲ್ಲಿ ಮುಗಿಯುವ ಮುಖ, ಅದಕ್ಕೆ ಮೂಗೂ ಇಲ್ಲ. ಫಲಕದ ಜಾಗ, ಹುಡುಗಿ, ಕೆಳಗಿನ ಸಾಲು ಇವೆಲ್ಲ ಸ್ಥಿರ. ನಡುವಿನ ಶ್ಲೇಷೆ ಮಾತ್ರ ಚರ. ನಾಳೆ ಏನಾಗುತ್ತದೆಂದು ಯಾರಿಗೂ ಗೊತ್ತಿಲ್ಲದಿದ್ದರೂ ನಾಳೆಗೆಂದು ಒಂದು ಜಾಗವನ್ನು ಖಾಲಿ ಬಿಟ್ಟಿದ್ದರು. ಯಕ್ಷಗಾನದ ಹಾಸ್ಯಗಾರನಿಗೆ ಪ್ರಸಂಗದೊಳಗೆ ಬಿಟ್ಟಿರುವ ಜಾಗವೂ ಇದೇ ಬಗೆಯದು. ವೇಷ, ಪ್ರವೇಶ ಎಲ್ಲ ಮೊದಲೇ ನಿಶ್ಚಿತ, ಮಾತು ಮಾತ್ರ ಆ ರಾತ್ರಿಯದು.

ಆದರೆ ಚೌಕಟ್ಟು ಇದ್ದ ಮಾತ್ರಕ್ಕೆ ಮಾತು ಹೊತ್ತಿಗೆ ಸರಿಯಾಗಿ ಹೊರಡುವುದಿಲ್ಲ. ಸುದ್ದಿಗೆ ಸ್ಪಂದಿಸುವ ಜಾಹೀರಾತನ್ನು ಸಾಮಾನ್ಯವಾಗಿ ಕೊಲ್ಲುವುದು ಕಡತ: ಟಿಪ್ಪಣಿ, ಮೇಲಧಿಕಾರಿಯ ಸಹಿ, ವಕೀಲರ ಅಭಿಪ್ರಾಯ ಮುಗಿಯುವ ಹೊತ್ತಿಗೆ ಸುದ್ದಿ ಹಳಸಿರುತ್ತದೆ. ಅಮೂಲ್ ಅನ್ನು ಮುನ್ನಡೆಸುತ್ತಿದ್ದ ವರ್ಗೀಸ್ ಕುರಿಯನ್ ಆ ಹಾದಿಯನ್ನೇ ಮುಚ್ಚಿದರು. ಫಲಕ ಬರೆಯುವ ಮೊದಲು ತಮಗೆ ತೋರಿಸಿ ಒಪ್ಪಿಗೆ ಪಡೆಯಬೇಕಿಲ್ಲ ಎಂದು ಡಕುನ್ಹಾ ಅವರಿಗೆ ಪೂರ್ಣ ಸ್ವಾತಂತ್ರ್ಯ ಕೊಟ್ಟರು. ಅಮೂಲ್‌ನ ಸಿದ್ಧತೆಗಳಲ್ಲಿ ಅತಿ ದೊಡ್ಡದು ಇದೇ ಎಂದು ನನಗನ್ನಿಸುತ್ತದೆ. ಹುಡುಗಿಯ ಚಿತ್ರ ಎರಡನೆಯದು. 1976ರಲ್ಲಿ, ತುರ್ತುಪರಿಸ್ಥಿತಿಯ ನಡುವೆ, ಕಡ್ಡಾಯ ‘ಸ್ಟೆರಿಲೈಸೇಶನ್’ ತಮ್ಮಲ್ಲಿ ಮೊದಲಿನಿಂದಲೂ ಇದೆ ಎಂದು ಬೆಣ್ಣೆಯ ಫಲಕ ಹೇಳಿತು. ಡೇರಿಯಲ್ಲಿ ಆ ಪದಕ್ಕೆ ಕ್ರಿಮಿಶುದ್ಧಿ ಎಂಬರ್ಥ, ಅಂದಿನ ಬೀದಿಯಲ್ಲಿ ಸಂತಾನಹರಣ. ಪತ್ರಿಕೆಗಳ ಮೇಲೆ ಸೆನ್ಸಾರ್ ಇದ್ದ ಕಾಲದಲ್ಲಿ ಆ ಸಾಲು ಒಪ್ಪಿಗೆಗೆಂದು ನಾಲ್ಕು ಮೇಜು ಸುತ್ತಿದ್ದರೆ ಗೋಡೆ ಮುಟ್ಟುತ್ತಿತ್ತೆಂದು ನಂಬುವುದು ಕಷ್ಟ.

ಈ ಫಲಕಗಳಿಗೆ ಒಂದು ಮಿತಿಯೂ ಇತ್ತು. ಅವುಗಳ ಮಾತು ಇಂಗ್ಲಿಷ್ ಬಲ್ಲವರದು, ಬೊಂಬಾಯಿಯಂಥ ನಗರದ್ದು. ಹಾಲು ಕರೆದು ಸೊಸೈಟಿಗೆ ಹಾಕುವ ಹೆಂಗಸಿಗೆ ಆ ನಗೆಯಲ್ಲಿ ಪಾಲಿರಲಿಲ್ಲ. ಆ ಇನ್ನೊಂದು ಅರ್ಧವನ್ನು ತುಂಬಿದ್ದು 1976ರಲ್ಲೇ ಬಂದ ಶ್ಯಾಮ್ ಬೆನಗಲ್ ಅವರ ‘ಮಂಥನ್’ ಚಿತ್ರ. ಅದರ ನಿರ್ಮಾಣಕ್ಕೆ ಗುಜರಾತಿನ 5 ಲಕ್ಷ ಹಾಲು ಉತ್ಪಾದಕರು ತಲಾ 2 ರೂಪಾಯಿ ಕೊಟ್ಟರು, ಒಟ್ಟು 10 ಲಕ್ಷ. ಪಶುವೈದ್ಯ ಡಾ. ರಾವ್ ಆಗಿ ನಮ್ಮ ಗಿರೀಶ ಕಾರ್ನಾಡ, ಅವರ ಸಹಾಯಕ ಚಂದಾವರ್ಕರ್ ಆಗಿ ಅನಂತ್ ನಾಗ್, ಬಿಂದುವಾಗಿ ಸ್ಮಿತಾ ಪಾಟೀಲ್. ಚಿತ್ರ ಬೆಣ್ಣೆಯ ಗುಣಗಾನ ಮಾಡಲಿಲ್ಲ. ಹಾಲಿನ ಡಿಗ್ರಿಯಲ್ಲಿ ನಡೆಯುವ ಮೋಸ, ಜಾತಿ, ಸೊಸೈಟಿ ಚುನಾವಣೆಯಲ್ಲಿ ಸೋತ ಸರಪಂಚನ ಸೇಡು, ಕೊನೆಗೆ ಡಾಕ್ಟರು ಊರು ಬಿಟ್ಟು ಹೋಗುವುದು, ಇವು ಅದರ ವಸ್ತು. ತನ್ನ ಕಥೆಯಲ್ಲಿ ಸೋಲಿಗೂ ಇಷ್ಟು ಜಾಗ ಕೊಡುವ ಪ್ರಾಯೋಜಕ ಅಪರೂಪ. ಬಿಡುಗಡೆಯಾದ ಮೇಲೆ ಹಳ್ಳಿಯವರು ಗುಂಪು ಕಟ್ಟಿಕೊಂಡು ತಮ್ಮದೇ ಚಿತ್ರ ನೋಡಲು ಬಂದರು. ನಿರ್ಮಾಪಕರೇ ಪ್ರೇಕ್ಷಕರಾಗಿದ್ದರಿಂದ ಹಾಗಾಯಿತು. ಪ್ರೀತಿ ಸಾಗರ್ ಹಾಡಿದ ಅದರ ಗೀತೆ ಮುಂದೆ ಟಿವಿಯಲ್ಲಿ ಅಮೂಲ್‌ನ ಜಾಹೀರಾತಾಗಿ ಮರಳಿತು. 2024ರಲ್ಲಿ ಚಿತ್ರದ ಜೀರ್ಣೋದ್ಧಾರಗೊಂಡ ಪ್ರತಿ ಕಾನ್ ಚಿತ್ರೋತ್ಸವದಲ್ಲಿ ತೆರೆ ಕಂಡಿತು. ಅಂದಿನ 2 ರೂಪಾಯಿ ಅರ್ಧ ಶತಮಾನದ ಹತ್ತಿರ ದುಡಿಯಿತು.

ಕರ್ನಾಟಕದ ಕಥೆ ಬೇರೆ. ಅಮೂಲ್‌ನ ನೆಲೆಯಾದ ಆಣಂದ್‌ನ ಸಹಕಾರ ಮಾದರಿಯಲ್ಲೇ 1974ರಲ್ಲಿ ಇಲ್ಲಿ ಹೈನು ಅಭಿವೃದ್ಧಿ ಕೆಲಸ ಮೊದಲಾಯಿತು. ಕರ್ನಾಟಕ ಹಾಲು ಮಹಾಮಂಡಳ, ನಂದಿನಿ ಎಂಬ ಹೆಸರು ಆ ಬೇರಿನಿಂದ ಬಂದವು. ನಂದಿನಿಗೆ ಮಾತಾಡುವ ಹುಡುಗಿ ಇರಲಿಲ್ಲ, ಶ್ಲೇಷೆಯೂ ಇರಲಿಲ್ಲ. ಇದ್ದದ್ದು ನಸುಕಿನ ಬೂತು, ನೀಲಿ ಪ್ಯಾಕೆಟ್ಟು, ಊರಲ್ಲಿ ಬೆಳಿಗ್ಗೆ ಸಂಜೆ ಡೇರಿಗೆ ಹಾಲು ಹಾಕಿ ಬಟವಾಡೆಗೆ ಕಾಯುವ ಮನೆಗಳು. ಜಾಹೀರಾತುಗಳಿಂದ ದೂರವೇ ಇದ್ದ ಡಾ. ರಾಜ್‌ಕುಮಾರ್ ಸಂಭಾವನೆಯಿಲ್ಲದೆ ನಂದಿನಿಯ ಪರ ನಿಂತರು, ಮುಂದೆ ಅವರ ಮಗ ಪುನೀತ್ ಕೂಡ. ಹಣ ಪಡೆಯದ ನಟನ ಮಾತನ್ನು ಜನ ಜಾಹೀರಾತೆಂದು ಕೇಳುವುದಿಲ್ಲ, ಸಾಕ್ಷಿಯೆಂದು ಕೇಳುತ್ತಾರೆ. ನಂದಿನಿ ಕೂಡಿಟ್ಟದ್ದು ಈ ಸಾಕ್ಷಿಯನ್ನೇ, ಯಾವತ್ತೋ ಬೇಕಾದೀತು ಎಂಬ ಲೆಕ್ಕವಿಲ್ಲದೆ.

ಅದು ಬೇಕಾದದ್ದು 2023ರ ಏಪ್ರಿಲ್‌ನಲ್ಲಿ. ಬೆಂಗಳೂರಿನಲ್ಲಿ ಆನ್‌ಲೈನ್ ಮೂಲಕ ಹಾಲು, ಮೊಸರು ಮಾರುವುದಾಗಿ ಅಮೂಲ್ ಪ್ರಕಟಿಸಿತು. ವಿಧಾನಸಭಾ ಚುನಾವಣೆ ಎದುರಿಗಿತ್ತು. ಒಂದೆರಡು ದಿನದಲ್ಲೇ ‘ನಂದಿನಿ ಉಳಿಸಿ’ ಎಂಬುದು ಘೋಷಣೆಯಾಯಿತು. ನಂದಿನಿ ಹಾಲನ್ನೇ ಬಳಸುತ್ತೇವೆಂದು ನಗರದ ಹೋಟೆಲ್ ಮಾಲೀಕರ ಸಂಘ ಸಾರಿತು. ಚುನಾವಣಾ ಲಾಭದ ಲೆಕ್ಕ ಆ ಘೋಷಣೆಯಲ್ಲಿ ಇರಲಿಲ್ಲವೆಂದು ಯಾರೂ ಹೇಳಲಾರರು. ಆದರೆ ರಾಜಕಾರಣಿ ಎತ್ತಿಕೊಳ್ಳಬೇಕಾದರೂ ಅಲ್ಲೊಂದು ವಸ್ತು ಬಿದ್ದಿರಬೇಕಲ್ಲ. ಒಂದೇ ಸಹಕಾರದ ಮರದ ಎರಡು ಕೊಂಬೆಗಳು ಹೀಗೆ ಎದುರಾಳಿಗಳಾದದ್ದು ವಿಚಿತ್ರ. ಮಾತಿನಲ್ಲಿ ದೇಶವನ್ನೇ ನಗಿಸಿದ ಅಮೂಲ್‌ಗೆ ಇಲ್ಲಿ ಅದರ ಮಾತು ನೆರವಿಗೆ ಬರಲಿಲ್ಲ. ಇಂಗ್ಲಿಷ್ ಶ್ಲೇಷೆಯನ್ನು ಕನ್ನಡಕ್ಕೆ ತರಬಹುದೇನೋ, ಬೆಳಗಿನ ಬೂತಿನ ಮುಂದೆ ನಿಂತ ವರ್ಷಗಳನ್ನು ತರುವಂತಿಲ್ಲ.

ಮರುವರ್ಷದ ಟಿ20 ವಿಶ್ವಕಪ್‌ನಲ್ಲಿ ನಂದಿನಿ ಸ್ಕಾಟ್ಲೆಂಡ್ ಮತ್ತು ಐರ್ಲೆಂಡ್ ತಂಡಗಳನ್ನು ಪ್ರಾಯೋಜಿಸಿತು. ಆಟಗಾರರ ತೋಳಿನ ಮೇಲೆ ಕನ್ನಡ ಲಿಪಿಯಲ್ಲೇ ‘ನಂದಿನಿ’ ಎಂದಿತ್ತು. ಅದನ್ನು ತೊಟ್ಟವರಿಗೆ ಓದಲು ಬರುತ್ತಿರಲಿಲ್ಲ. ಓದಬಲ್ಲವರು ಇಲ್ಲಿ ಟಿವಿ ಮುಂದೆ ಕೂತಿದ್ದರು.