ಕಲ್ಲಚ್ಚಿನ ಕುದುರೆಗಳು

ಚಿಂಚೋಳಿ ತಾಲ್ಲೂಕಿನ ಚಂದ್ರಂಪಳ್ಳಿಯಿಂದ ಭೀಮಾತೀರದ ಸನ್ನತಿಯವರೆಗೆ, ನಮ್ಮ ಸೀಮೆಯವರಿಗೆ ಕಲ್ಲೆಂದರೆ ಕಾಲಡಿಯ ವಸ್ತು. ಶಹಾಬಾದಿನ ಫರಸಿಯ ಮೇಲೆ ಕುಳಿತು ಉಂಡು, ಬೇಸಗೆಯ ಮಧ್ಯಾಹ್ನ ಅದರ ತಂಪಿಗೆ ಬೆನ್ನೊಡ್ಡಿ ಮಲಗಿ ಬೆಳೆದವರು ನಾವು. ಅದೇ ಕುಲಕ್ಕೆ ಸೇರಿದ ಸುಣ್ಣಕಲ್ಲೊಂದು ಕಡಲಾಚೆಯ ಅಮೆರಿಕದಲ್ಲಿ ಸಾಮಾನ್ಯರ ಮನೆಯ ಗೋಡೆಗಳನ್ನು ಚಿತ್ರಗಳಿಂದ ತುಂಬಿತು; ಆ ಚಿತ್ರಗಳಲ್ಲಿ ಗಾಡಿ ಎಳೆಯುವ ಕುದುರೆಗೆ ದೊಡ್ಡ ಪಾಲು ಸಂದಿತು. ಆ ಕುದುರೆಗಳ ಕಥೆಯನ್ನು ಇಂದು ನಿಮಗೆ ಹೇಳಬೇಕೆಂದಿದ್ದೇನೆ.

ಕಲ್ಲಚ್ಚು ೧೮ನೆಯ ಶತಮಾನದ ಕೊನೆಯಲ್ಲಿ ಜರ್ಮನಿಯ ಅಲೋಯ್ಸ್ ಸೆನೆಫೆಲ್ಡರ್ ಕಂಡುಹಿಡಿದ ವಿದ್ಯೆ. ಬವೇರಿಯಾದ ಜೋಲ್ನ್‌ಹೋಫನ್ ಗಣಿಯ ನುಣುಪು ಕಲ್ಲಿನ ಮೇಲೆ ಜಿಡ್ಡಿನ ಕಡ್ಡಿಯಿಂದ ಚಿತ್ರ ಬರೆದು, ಗೋಂದು ಬೆರೆಸಿದ ಆಮ್ಲವನ್ನು ಸವರಿ, ಕಲ್ಲನ್ನು ತೋಯಿಸಿ ಮಸಿಯ ಉರುಳೆ ಹಾಯಿಸುತ್ತಾರೆ. ನೀರು ಕುಡಿದ ಭಾಗ ಮಸಿಯನ್ನು ಒಲ್ಲೆನ್ನುತ್ತದೆ. ಜಿಡ್ಡಿನ ಗೆರೆ ಹಿಡಿದುಕೊಳ್ಳುತ್ತದೆ. ಕೆತ್ತುವ ಶ್ರಮವೇ ಇಲ್ಲ. ನಿಜಾಮರ ರಾಜ್ಯದಲ್ಲಿದ್ದ ನಮ್ಮ ಹಿರಿಯರಿಗೆ ಇದು ತೀರ ಅಪರಿಚಿತವೂ ಅಲ್ಲ. ಉರ್ದು ಲಿಪಿಯ ಓರೆಬಾಗುಗಳು ಸೀಸದ ಮೊಳೆಗೆ ಒಗ್ಗದ ಕಾರಣ, ಬರೆಹಗಾರನ ಕೈಬರಹವನ್ನೇ ಕಲ್ಲಿಗಿಳಿಸಿ ಪುಸ್ತಕಗಳನ್ನು ಅಚ್ಚು ಹಾಕುತ್ತಿದ್ದರು.

ಅಮೆರಿಕದಲ್ಲಿ ಈ ವಿದ್ಯೆಯನ್ನು ಬೀದಿಗೆ ತಂದವರು ನ್ಯೂಯಾರ್ಕಿನ ನೆಥೇನಿಯಲ್ ಕರಿಯರ್ ಮತ್ತು ಜೇಮ್ಸ್ ಐವ್ಸ್. ೧೮೫೭ರಲ್ಲಿ ಪಾಲುಗಾರರಾದ ಇವರು ೭,೦೦೦ಕ್ಕೂ ಮಿಕ್ಕಿ ಬಗೆಯ ಚಿತ್ರಗಳನ್ನು ಹೊರತಂದರು. ಕಪ್ಪು ಗೆರೆಯ ಅಚ್ಚನ್ನು ಉದ್ದನೆಯ ಮೇಜಿನ ಸುತ್ತ ಕುಳಿತ ಹೆಂಗಸರು ಕೈಯಿಂದಲೇ ಬಣ್ಣಗೊಳಿಸುತ್ತಿದ್ದರು. ಒಬ್ಬಳದು ಒಂದೇ ಬಣ್ಣ, ಅದನ್ನು ತುಂಬಿ ಹಾಳೆಯನ್ನು ಪಕ್ಕದವಳಿಗೆ ಸರಿಸಬೇಕು. ಚಿಕ್ಕ ಚಿತ್ರ ಇಪ್ಪತ್ತು ಇಪ್ಪತ್ತೈದು ಸೆಂಟಿಗೆ ಸಿಗುತ್ತಿತ್ತು. ತಳ್ಳುಗಾಡಿಯವರೂ ಅದನ್ನು ಕೂಗಿ ಮಾರುತ್ತಿದ್ದರು.

ಆ ರಾಶಿಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಕುಕ್ಕುಲೋಟದ ಕುದುರೆಗಳು. ಇಂಗ್ಲೆಂಡಿನ ಜೂಜುಗುದುರೆ ಶ್ರೀಮಂತನದು. ಸವಾರನನ್ನು ಹೊತ್ತು ನಾಗಾಲೋಟದಲ್ಲಿ ಓಡುವಂಥದು. ಅದರ ಚಿತ್ರ ತೈಲವರ್ಣದಲ್ಲಿ ಬಂಗಲೆಯ ಗೋಡೆ ಸೇರಿತು. ಅಮೆರಿಕದ ಪಂದ್ಯದಲ್ಲಿ ಕುದುರೆ ಎರಡು ಗಾಲಿಯ ಹಗುರ ಗಾಡಿಯನ್ನೆಳೆದು ಕುಕ್ಕುಲೋಟದಲ್ಲೇ ಓಡಬೇಕು. ತಾಳ ತಪ್ಪಿ ನಾಗಾಲೋಟಕ್ಕೆ ಹೊರಳಿದರೆ ಲಗಾಮು ಜಗ್ಗಿ ಮತ್ತೆ ತಾಳಕ್ಕೆ ತರಬೇಕು. ಇದು ಸಂತೆಗೆ, ಚರ್ಚಿಗೆ ಹೋಗುವ ಗಾಡಿಯ ಕುದುರೆಯ ನಡೆಯೇ; ಆದ್ದರಿಂದ ಯಾವ ಗಾಡಿಕಾರನೂ ತನ್ನ ಕುದುರೆಯಲ್ಲಿ ಪಂದ್ಯದ ಕುದುರೆಯನ್ನು ಕಾಣಬಹುದಾಗಿತ್ತು.

ಹಾಗೆ ಕಂಡದ್ದು ಬರಿಯ ಭ್ರಮೆಯೂ ಅಲ್ಲ. ಲೇಡಿ ಸಫೋಕ್ ಎಂಬ ಬೂದುಬಣ್ಣದ ಹೆಣ್ಣುಕುದುರೆ ಮೊದಲು ಸರಕಿನ ಗಾಡಿ ಎಳೆಯುತ್ತಿತ್ತೆಂದು ಪ್ರತೀತಿ. ೧೮೪೫ರಲ್ಲಿ ಅದು ಒಂದು ಮೈಲಿಯನ್ನು ೨ ನಿಮಿಷ ೨೯½ ಸೆಕೆಂಡಿನಲ್ಲಿ ಮುಗಿಸಿ, ಎರಡೂವರೆ ನಿಮಿಷದ ಗಡಿಯನ್ನು ಮೊದಲು ದಾಟಿತು. ಮೋಟುಬಾಲದ ಫ್ಲೋರಾ ಟೆಂಪಲ್‌ನ ಕಥೆ ಇನ್ನೂ ಸೊಗಸು. ಚಿಕ್ಕಾಸಿಗೆ ಕೈ ಬದಲಾಯಿಸುತ್ತ, ದನದ ವ್ಯಾಪಾರಿಯೊಬ್ಬನ ಗಾಡಿಯ ಹಿಂದೆ ಕಟ್ಟಿಸಿಕೊಂಡು ಬಂದ ಈ ಕುದುರೆ ೧೮೫೯ರಲ್ಲಿ ಮಿಷಿಗನ್ನಿನ ಕಲಮಜೂವಿನಲ್ಲಿ ೨ ನಿಮಿಷ ೧೯¾ ಸೆಕೆಂಡಿಗೆ ಮೈಲಿ ಓಡಿತು. ಇಂಥ ಓಟಗಳು ಕಲ್ಲಚ್ಚಿಗೆ ಬರುವುದು ತಡವಾಗುತ್ತಿರಲಿಲ್ಲ. ಚಿತ್ರದ ಕೆಳಗೆ ಕುದುರೆಯ ಹೆಸರು, ಅನೇಕ ವೇಳೆ ಓಡಿದ ಸ್ಥಳ, ಹಿಡಿದ ವೇಳೆ ಎಲ್ಲವೂ ನಮೂದಾಗುತ್ತಿದ್ದವು. ವೃತ್ತಪತ್ರಿಕೆಯಲ್ಲಿ ಫೋಟೋ ಇಲ್ಲದ ಕಾಲದಲ್ಲಿ ಅದೇ ಸುದ್ದಿ, ಅದೇ ಅಲಂಕಾರ. ಮುಂದೆ ಸಿರಿವಂತರು ಈ ಕುದುರೆಗಳ ಬೆನ್ನು ಹತ್ತಿದರೆಂಬುದೂ ನಿಜ. ಪತ್ರಿಕೆಯ ಒಡೆಯ ರಾಬರ್ಟ್ ಬಾನರ್ ೧೮೬೭ರಲ್ಲಿ ಡೆಕ್ಸ್‌ಟರನ್ನು ಕೊಂಡ. ಆದರೆ ಪಣಕ್ಕೆ ಮಾತ್ರ ಓಡಿಸಲಿಲ್ಲ.

ಈ ಚಿತ್ರಗಳೆಲ್ಲ ಉತ್ತಮ ಕಲೆಯೆಂದು ನಾನು ವಾದಿಸಲಾರೆ. ಒಂದರ ಆಕಾಶ ಇನ್ನೊಂದರಲ್ಲಿ ಮರುಕಳಿಸುತ್ತದೆ. ಗಾಡಿಕಾರರ ಮುಖಗಳಲ್ಲಿ ಜೀವ ಕಡಿಮೆ. ಆದರೆ ಜರ್ಮನಿಯಿಂದ ವಲಸೆ ಬಂದ ಲೂಯಿ ಮಾರರ್ ಬರೆದ ಕುದುರೆಗಳ ಮಾಂಸಖಂಡಗಳನ್ನು ನೋಡಿದರೆ, ಆತ ಲಾಯದಲ್ಲಿ ಬಹಳ ಹೊತ್ತು ನಿಂತು ನೋಡಿದವನೆಂದು ತಿಳಿಯುತ್ತದೆ. ಓಡುವ ಕುದುರೆಯ ನಾಲ್ಕೂ ಕಾಲು ಒಮ್ಮೆಗೇ ನೆಲ ಬಿಡುವುದುಂಟೆ ಎಂಬುದು ಆಗ ಬಿಸಿಬಿಸಿ ಚರ್ಚೆ. ೧೮೭೮ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಮೈಬ್ರಿಜ್ ಕ್ಯಾಮರಾಗಳನ್ನು ಸಾಲಾಗಿಟ್ಟು ಏಬ್ ಎಡ್ಜಿಂಗ್ಟನ್ ಎಂಬ ಗಾಡಿಗುದುರೆಯ ಕುಕ್ಕುಲೋಟವನ್ನು ಸೆರೆಹಿಡಿದಾಗ, ಹೌದು, ಬಿಡುವುದುಂಟು ಎಂದು ಖಚಿತವಾಯಿತು.

ನಮ್ಮಲ್ಲಿಯೂ ಅಗ್ಗದ ಚಿತ್ರದ ಯುಗ ಬಂತು. ರಾಜಾ ರವಿವರ್ಮ ೧೮೯೪ರಲ್ಲಿ ಮುಂಬಯಿಯಲ್ಲಿ ತೆರೆದ ಕಲ್ಲಚ್ಚಿನ ಕಾರ್ಖಾನೆ ದೇವರನ್ನು ಗುಡಿಯಿಂದ ಗುಡಿಸಲಿಗೆ ಕರೆತಂದಿತು. ಆ ಬಗೆಯ ಪಟಗಳಲ್ಲಿ ಕುದುರೆ ಇಲ್ಲವೆಂದಲ್ಲ; ಮಡದಿಯೊಡನೆ ಬಿಳಿಗುದುರೆಯೇರಿದ ಮೈಲಾರಲಿಂಗನ ಪಟವನ್ನು ಕಾಣದ ಊರು ನಮ್ಮ ಕಡೆ ಅಪರೂಪ. ಆದರೆ ಅದು ದೇವರ ಕುದುರೆ. ಅದರ ಓಟವನ್ನು ಗಡಿಯಾರ ಹಿಡಿದು ಅಳೆದವರಿಲ್ಲ.

ಚಿತ್ರದ ಕೆಳಗೆ ಹೆಸರು ಬರೆಯುವ ರೂಢಿ ನಮ್ಮ ನೆಲಕ್ಕೆ ಹೊಸದೆಂದೂ ಹೇಳುವಂತಿಲ್ಲ. ಸನ್ನತಿಯ ಪಕ್ಕದ ಕನಗನಹಳ್ಳಿಯಲ್ಲಿ ಅಗೆದು ತೆಗೆದ ಸ್ತೂಪದ ಸುಣ್ಣಕಲ್ಲಿನ ಫಲಕವೊಂದರಲ್ಲಿ ಅರಸನ ಮೂರ್ತಿಯ ಜೊತೆಗೆ ‘ರಾಯ ಅಸೋಕೋ’ ಎಂದು ಬ್ರಾಹ್ಮಿಯಲ್ಲಿ ಕೊರೆದಿದೆ. ಅರಸನೆಂದು ಮಾತ್ರ ತಿಳಿಯಬಹುದಾಗಿದ್ದ ಮುಖ ಆ ಕೆಲವೇ ಅಕ್ಷರಗಳಿಂದ ಅಶೋಕನದಾಯಿತು.

ವಾಡಿ ಜಂಕ್ಷನ್ನಿನಲ್ಲಿ, ಶಹಾಬಾದಿನ ನಿಲ್ದಾಣದಲ್ಲಿ ಮುಂಬಯಿಯ ರೈಲಿಳಿದವರನ್ನು ಊರಿಗೆ ಮುಟ್ಟಿಸುತ್ತಿದ್ದ ಟಾಂಗಾ ಕುದುರೆಗಳೂ ಕುಕ್ಕುಲೋಟದವೇ. ಅವಕ್ಕೂ ಹೆಸರುಗಳಿದ್ದವು, ಟಾಂಗಾವಾಲಾ ಚಾವಟಿ ಎತ್ತುವ ಮೊದಲು ಆ ಹೆಸರು ಹಿಡಿದು ಕರೆಯುತ್ತಿದ್ದ. ಅವುಗಳಲ್ಲಿ ಒಂದರ ಚಿತ್ರವನ್ನೂ, ಅಡಿಯಲ್ಲಿ ಹೆಸರು ಬರೆದದ್ದನ್ನು, ನಾನು ಈವರೆಗೆ ಯಾವ ಮನೆಯ ಗೋಡೆಯ ಮೇಲೂ ಕಂಡಿಲ್ಲ.

ಕರಿಯರ್ ಮತ್ತು ಐವ್ಸ್ ಅಂಗಡಿ ೧೯೦೭ರಲ್ಲಿ ಮುಚ್ಚಿತು. ಈ ಕಸುಬಿನಲ್ಲಿ ಅಚ್ಚು ಮುಗಿದ ಕಲ್ಲನ್ನು ಹಾಗೆಯೇ ಇಡುವುದು ವಿರಳ; ಮರಳು ನೀರು ಹಾಕಿ ಉಜ್ಜಿ, ಹಳೆಯ ಚಿತ್ರವನ್ನು ಅಳಿಸಿ, ಅದೇ ಕಲ್ಲಿನ ಮೇಲೆ ಹೊಸದನ್ನು ಬರೆಯುತ್ತಾರೆ. ಲೂಯಿ ಮಾರರ್ ೧೯೩೨ರವರೆಗೆ, ನೂರು ವರ್ಷ, ಬಾಳಿದ. ಆ ಹೊತ್ತಿಗೆ ನ್ಯೂಯಾರ್ಕಿನ ಬೀದಿಗಳೆಲ್ಲ ಮೋಟಾರಿನವಾಗಿದ್ದವು. ಇಪ್ಪತ್ತು ಸೆಂಟಿನ ಕುದುರೆಗಳನ್ನು ಸಂಗ್ರಾಹಕರು ಹುಡುಕಿ ಹುಡುಕಿ ಕೊಳ್ಳುತ್ತಿದ್ದರು.