ಇ-ಪುಸ್ತಕ: ಮೊದಲು ಕಡತ, ಆಮೇಲೆ ಸಾಧನ

'ಒಂದು ಇ-ರೀಡರ್ ಕೊಳ್ಳಬೇಕೆಂದಿದ್ದೇನೆ, ಯಾವುದು ಒಳ್ಳೆಯದು?' ಅಧ್ಯಾಪಕ ಮಿತ್ರರೂ ವಿದ್ಯಾರ್ಥಿಗಳೂ ಆಗಾಗ ಕೇಳುವ ಪ್ರಶ್ನೆ ಇದು. ಅವರಿಗೆ ನಾನು ಹಾಕುವ ಮರುಪ್ರಶ್ನೆ ಹೀಗಿರುತ್ತದೆ: 'ನೀವು ಓದಬೇಕೆಂದಿರುವ ಪುಸ್ತಕಗಳು ಯಾವ ಬಗೆಯ ಕಡತಗಳಲ್ಲಿವೆ?' ಬಹಳ ಮಂದಿ ಈ ಬಗ್ಗೆ ಯೋಚಿಸಿರುವುದಿಲ್ಲ. ಸಾಧನ ಕೆಲವು ವರ್ಷ ಬಾಳುತ್ತದೆ. ಪುಸ್ತಕ ಅದಕ್ಕಿಂತ ಬಹಳ ಹೆಚ್ಚು ಕಾಲ ಬಾಳಬೇಕು, ಅಲ್ಲವೇ?

ಈ ಪಾಠವನ್ನು ನಾನು ಕಲಿತದ್ದು ನಷ್ಟದಿಂದ. 1990ರ ದಶಕದ ಕೊನೆಯಲ್ಲಿ ದ್ಯುತಿವಿಜ್ಞಾನದ ಪಾಠ ಟಿಪ್ಪಣಿಗಳನ್ನು ಕನ್ನಡದಲ್ಲಿ ಬೆರಳಚ್ಚು ಮಾಡಿ ಫ್ಲಾಪಿಗಳಲ್ಲಿ ಇಟ್ಟಿದ್ದೆ. ಮುಂದೆ ಅವುಗಳನ್ನು ಜೋಪಾನವಾಗಿ ಸೀಡಿಗೆ ವರ್ಗಾಯಿಸಿದೆ. ಹಲವು ವರ್ಷಗಳ ನಂತರ ಹೊಸ ಗಣಕದಲ್ಲಿ ತೆರೆದು ನೋಡಿದರೆ ಇಂಗ್ಲಿಷ್ ಅಕ್ಷರಗಳೂ ತಲೆಯ ಮೇಲೆ ಚುಕ್ಕೆ, ಗೀಟುಗಳಿರುವ ಯೂರೋಪಿನ ಅಕ್ಷರಗಳೂ ರಾಶಿ ಬಿದ್ದಿದ್ದವು! ಒಂದು ಬೈಟೂ ಕಳೆದುಹೋಗಿರಲಿಲ್ಲ. ಆದರೆ ಒಂದು ಸಾಲನ್ನೂ ಓದಲಾಗಲಿಲ್ಲ. ಇದು ಏಕಾಯಿತು? ಉತ್ತರಕ್ಕಾಗಿ ಇ-ಪುಸ್ತಕಗಳ ಇತಿಹಾಸವನ್ನು ಸ್ವಲ್ಪ ಅವಲೋಕಿಸೋಣ.

ಸರಳ ಪಠ್ಯದಿಂದ ಆರಂಭ

1971ರ ಜುಲೈ 4ರಂದು ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಮೈಕೇಲ್ ಹಾರ್ಟ್ ಅಲ್ಲಿನ ದೊಡ್ಡ ಗಣಕದಲ್ಲಿ ಅಮೆರಿಕದ ಸ್ವಾತಂತ್ರ್ಯ ಘೋಷಣೆಯನ್ನು ಬೆರಳಚ್ಚು ಮಾಡಿದರು. ಗಣಕ ಜಾಲದಲ್ಲಿರುವ ಇತರರೂ ಅದನ್ನು ಪಡೆದು ಓದಲಿ ಎಂಬುದು ಅವರ ಉದ್ದೇಶವಾಗಿತ್ತು. 'ಪ್ರಾಜೆಕ್ಟ್ ಗುಟೆನ್‌ಬರ್ಗ್' ಹುಟ್ಟಿದ್ದು ಹೀಗೆ. ಇಂದು ಅದರಲ್ಲಿ 70 ಸಾವಿರಕ್ಕೂ ಹೆಚ್ಚು ಪುಸ್ತಕಗಳಿವೆ.

ಹಾರ್ಟ್ ಆರಿಸಿಕೊಂಡದ್ದು ಆಸ್ಕಿ ಎಂಬ ಸಂಕೇತ ವ್ಯವಸ್ಥೆಯ ಸರಳ ಪಠ್ಯವನ್ನು. 7 ಬಿಟ್‌ಗಳ ಈ ವ್ಯವಸ್ಥೆಯಲ್ಲಿ ಒಟ್ಟು 128 ಸಂಕೇತಗಳಿವೆ. ಇಂಗ್ಲಿಷಿನ ದೊಡ್ಡ 'ಎ' ಅಕ್ಷರಕ್ಕೆ 65, 'ಬಿ'ಗೆ 66, ಹೀಗೆ. ಅಕ್ಷರಗಳ ಗಾತ್ರವಿಲ್ಲ, ಅಲಂಕಾರವಿಲ್ಲ, ಚಿತ್ರಗಳಿಲ್ಲ. ಆದರೆ ಸಂಕೇತಗಳ ಪಟ್ಟಿ ಎಲ್ಲರಿಗೂ ತಿಳಿದದ್ದು. ಆದ್ದರಿಂದ ಅರ್ಧ ಶತಮಾನ ಕಳೆದರೂ ಆಸ್ಕಿ ಪಠ್ಯವನ್ನು ಯಾವ ಗಣಕದಲ್ಲಿ ಬೇಕಾದರೂ ತೆರೆಯಬಹುದು. ಈ ಮಾತನ್ನು ನೆನಪಿನಲ್ಲಿಡಿ.

ನಿಶ್ಚಿತ ಪುಟವೋ, ಹರಿಯುವ ಪಠ್ಯವೋ?

1993ರಲ್ಲಿ ಅಡೋಬಿ ಸಂಸ್ಥೆ ಪಿಡಿಎಫ್ ಮಾದರಿಯನ್ನು ಹೊರತಂದಿತು. ಯಾವ ಗಣಕದಲ್ಲಿ ತೆರೆದರೂ, ಯಾವ ಮುದ್ರಕದಲ್ಲಿ ಅಚ್ಚು ಹಾಕಿದರೂ ಪುಟ ಒಂದೇ ರೀತಿ ಕಾಣಬೇಕು ಎಂಬುದು ಅದರ ಗುರಿ. 2008ರಲ್ಲಿ ಅದು ಅಂತಾರಾಷ್ಟ್ರೀಯ ಮಾನಕವಾಯಿತು. ಪ್ರಶ್ನೆಪತ್ರಿಕೆ, ಸಂಶೋಧನ ಲೇಖನಗಳಿಗೆ ಇದು ಉತ್ತಮ. ಆದರೆ ಅದರ ಗುಣವೇ ಸಣ್ಣ ಪರದೆಯಲ್ಲಿ ದೋಷವಾಗುತ್ತದೆ.

ಒಂದು ಲೆಕ್ಕ ಮಾಡಿ ನೋಡಿ. ಎ4 ಹಾಳೆಯ ಅಗಲ 210 ಮಿಲಿಮೀಟರ್. 6 ಅಂಗುಲ ಕರ್ಣದ, 3:4 ಅನುಪಾತದ ಪರದೆಯ ಅಗಲ 3.6 ಅಂಗುಲ, ಅಂದರೆ ಸುಮಾರು 91 ಮಿಲಿಮೀಟರ್. ಪುಟದ ಅಗಲವನ್ನು ಪೂರ್ತಿಯಾಗಿ ಹಿಡಿಸಿದರೆ ಅದು 91/210, ಅಂದರೆ ಸುಮಾರು 0.43ರಷ್ಟಕ್ಕೆ ಕುಗ್ಗುತ್ತದೆ. 12 ಪಾಯಿಂಟಿನ ಅಕ್ಷರ ಸುಮಾರು 5 ಪಾಯಿಂಟಿಗೆ ಇಳಿಯುತ್ತದೆ. ಕನ್ನಡದ ಒತ್ತಕ್ಷರಗಳ ಗತಿಯೇನು? ಅದೇ 10.3 ಅಂಗುಲದ ಪರದೆಯಾದರೆ ಅಗಲ ಸುಮಾರು 157 ಮಿಲಿಮೀಟರ್. ಅಕ್ಷರ ಸುಮಾರು 9 ಪಾಯಿಂಟ್. ಓದಲು ಅಡ್ಡಿಯಿಲ್ಲ.

ಇದಕ್ಕೆ ಇನ್ನೊಂದು ಪರಿಹಾರ ಪಠ್ಯವನ್ನೇ ನೀರಿನಂತೆ ಹರಿಯಬಿಡುವುದು. ಪರದೆ ಸಣ್ಣದಾದರೆ ಒಂದು ಸಾಲಿನಲ್ಲಿ ಕಡಮೆ ಪದಗಳು ನಿಲ್ಲುತ್ತವೆ, ಪುಟಗಳ ಸಂಖ್ಯೆ ಹೆಚ್ಚುತ್ತದೆ, ಆದರೆ ಅಕ್ಷರದ ಗಾತ್ರ ಓದುಗನ ಇಷ್ಟದಂತೆಯೇ ಇರುತ್ತದೆ. ಅಂತರಜಾಲದ ಪುಟಗಳನ್ನು ಬರೆಯುವ ಎಚ್‌ಟಿಎಂಎಲ್ ಭಾಷೆಯ ಆಧಾರದ ಮೇಲೆ 1999ರಲ್ಲಿ 'ಓಪನ್ ಇಬುಕ್' ಎಂಬ ಮುಕ್ತ ಮಾನಕ ರಚನೆಯಾಯಿತು. ಅದೇ ಬೆಳೆದು 2007ರಲ್ಲಿ ಇಪಬ್ ಆಯಿತು. 2011ರಲ್ಲಿ ಬಂದ ಇಪಬ್-3ರಲ್ಲಿ ಗಣಿತದ ಸಮೀಕರಣಗಳನ್ನು ಚಿತ್ರವಾಗಿ ಅಲ್ಲದೆ ಪಠ್ಯವಾಗಿಯೇ ಬರೆಯಲು ಅವಕಾಶವಿದೆ. ಎಲ್ಲ ಸಾಧನಗಳೂ ಅವನ್ನು ಸರಿಯಾಗಿ ತೋರಿಸುವುದಿಲ್ಲ ಎಂಬುದು ಬೇರೆ ಮಾತು.

ಇಪಬ್ ಒಳಗೆ ಏನಿದೆ? ನೀವೇ ಪ್ರಯೋಗ ಮಾಡಬಹುದು. ಬೀಗವಿಲ್ಲದ ಒಂದು ಇಪಬ್ ಕಡತದ ನಕಲು ಮಾಡಿ, ಹೆಸರಿನ ಕೊನೆಯಲ್ಲಿರುವ 'ಇಪಬ್' ಅನ್ನು 'ಜಿಪ್' ಎಂದು ಬದಲಿಸಿ ತೆರೆಯಿರಿ. ಒಂದೊಂದು ಅಧ್ಯಾಯವೂ ಒಂದೊಂದು ಅಂತರಜಾಲ ಪುಟದಂತೆ ಕಾಣುತ್ತದೆ. ಜೊತೆಗೆ ಚಿತ್ರಗಳು, ಅಕ್ಷರ ವಿನ್ಯಾಸದ ಸೂಚನೆಗಳು, ಅಧ್ಯಾಯಗಳ ಅನುಕ್ರಮ ತಿಳಿಸುವ ಪಟ್ಟಿ. ಇಲ್ಲಿ ಗುಟ್ಟು ಏನೂ ಇಲ್ಲ! ನಾಳೆ ಎಲ್ಲ ಇ-ರೀಡರ್‌ಗಳೂ ಮಾಯವಾದರೂ ಈ ಪುಸ್ತಕವನ್ನು ಓದಬಹುದು.

ಕಾಗದದಂಥ ಪರದೆ

ಇನ್ನು ಸಾಧನದ ಕಡೆ ನೋಡೋಣ. 1998ರಲ್ಲಿ ಅಮೆರಿಕದಲ್ಲಿ 'ರಾಕೆಟ್ ಇಬುಕ್' ಮಾರುಕಟ್ಟೆಗೆ ಬಂತು. ತೂಕ ಸುಮಾರು 600 ಗ್ರಾಂ, ಪರದೆ ದ್ರವಸ್ಫಟಿಕದ್ದು. ಅದೇ ವರ್ಷ 'ಸಾಫ್ಟ್‌ಬುಕ್' ಸಹ ಬಂತು. ಎರಡನ್ನೂ ಒಂದೇ ಸಂಸ್ಥೆ ಕೊಂಡುಕೊಂಡಿತು. 2003ರಲ್ಲಿ ವ್ಯವಹಾರವೇ ನಿಂತುಹೋಯಿತು. ರಾಕೆಟ್ ರೂಪಿಸಿದ ಮಾರ್ಟಿನ್ ಎಬರ್‌ಹಾರ್ಡ್ ಮತ್ತು ಮಾರ್ಕ್ ಟಾರ್‌ಪೆನಿಂಗ್ ಅದೇ 2003ರಲ್ಲಿ ವಿದ್ಯುತ್ ಕಾರುಗಳ ಟೆಸ್ಲಾ ಸಂಸ್ಥೆಯನ್ನು ಆರಂಭಿಸಿದರು ಎಂಬುದು ಕುತೂಹಲದ ಸಂಗತಿ.

1998ರಲ್ಲೇ ಇನ್ನೊಂದು ಮಹತ್ವದ ಘಟನೆ ನಡೆಯಿತು. ಎಂಐಟಿಯ ಜೋಸೆಫ್ ಜೇಕಬ್‌ಸನ್ ಮತ್ತು ಅವರ ವಿದ್ಯಾರ್ಥಿಗಳು ಎಲೆಕ್ಟ್ರಾನಿಕ್ ಶಾಯಿಯನ್ನು ಕುರಿತ ಪ್ರಬಂಧವನ್ನು 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಇದರ ತತ್ತ್ವ ಸರಳ. ಕೂದಲಿನಷ್ಟು ವ್ಯಾಸದ ಸೂಕ್ಷ್ಮ ಗುಳಿಗೆಗಳಲ್ಲಿ ಪಾರದರ್ಶಕ ದ್ರವವಿದೆ. ಅದರಲ್ಲಿ ಧನಾವೇಶದ ಬಿಳಿ ಕಣಗಳೂ ಋಣಾವೇಶದ ಕಪ್ಪು ಕಣಗಳೂ ತೇಲುತ್ತಿವೆ. ವಿದ್ಯುತ್ ಕ್ಷೇತ್ರದ ದಿಕ್ಕಿಗೆ ತಕ್ಕಂತೆ ಒಂದು ಬಣ್ಣದ ಕಣಗಳು ಮೇಲೆ ಬರುತ್ತವೆ, ಇನ್ನೊಂದರವು ಕೆಳಗೆ ಸರಿಯುತ್ತವೆ. ಕ್ಷೇತ್ರವನ್ನು ತೆಗೆದರೂ ಕಣಗಳು ಅಲ್ಲೇ ನಿಲ್ಲುತ್ತವೆ. ಹಾಗಾಗಿ ಪುಟವನ್ನು ಬದಲಿಸುವಾಗ ಮಾತ್ರ ಪರದೆಗೆ ಶಕ್ತಿ ಬೇಕು, ಪುಟವನ್ನು ಹಿಡಿದಿಡಲು ಬೇಡ. ಬ್ಯಾಟರಿ ವಾರಗಟ್ಟಲೆ ಬರುವುದರ ರಹಸ್ಯ ಇದೇ. ಕಾಗದದಂತೆ ಈ ಪರದೆಯೂ ಹೊರಗಿನ ಬೆಳಕನ್ನು ಪ್ರತಿಫಲಿಸುವುದರಿಂದ ಬಿಸಿಲಿನಲ್ಲೂ ಓದಬಹುದು. ಕಣಗಳು ದ್ರವದಲ್ಲಿ ಚಲಿಸಬೇಕಾದ್ದರಿಂದ ಪುಟ ಬದಲಾಗಲು ಸ್ವಲ್ಪ ಸಮಯ ಹಿಡಿಯುತ್ತದೆ. ಚಲನಚಿತ್ರಕ್ಕೆ ಇದು ತಕ್ಕುದಲ್ಲ.

ಈ ಶಾಯಿಯನ್ನು ಬಳಸಿದ ಮೊದಲ ವಾಣಿಜ್ಯ ಇ-ರೀಡರ್ ಸೋನಿಯ 'ಲಿಬ್ರಿಯೆ'. 2004ರಲ್ಲಿ ಜಪಾನಿನಲ್ಲಿ ಬಂತು. ಪರದೆ ಸೊಗಸಾಗಿತ್ತು. ಆದರೆ ಪುಸ್ತಕಗಳು ಸೋನಿಯದೇ ಆದ ಮಾದರಿಯಲ್ಲಿದ್ದು, ಪಡೆದ 60 ದಿನಗಳ ನಂತರ ತೆರೆಯದಂತಾಗುತ್ತಿದ್ದವು! ಲಿಬ್ರಿಯೆ ಜನಪ್ರಿಯವಾಗಲಿಲ್ಲ.

ಬೀಗ ಹಾಕಿದ ಪುಸ್ತಕಗಳು

2007ರ ನವೆಂಬರಿನಲ್ಲಿ ಅಮೆಜಾನ್ 'ಕಿಂಡಲ್' ಅನ್ನು ಬಿಡುಗಡೆ ಮಾಡಿತು. ಪುಸ್ತಕವನ್ನು ನಿಸ್ತಂತುವಾಗಿ, ಗಣಕದ ಸಹಾಯವಿಲ್ಲದೆ ಕೊಳ್ಳುವ ಸೌಲಭ್ಯ ಅದರ ಯಶಸ್ಸಿಗೆ ಮುಖ್ಯ ಕಾರಣ. ಅದು ಬಳಸಿದ್ದು ಇಪಬ್ ಅಲ್ಲ. 2005ರಲ್ಲಿ ಅಮೆಜಾನ್ ಕೊಂಡಿದ್ದ ಫ್ರಾನ್ಸಿನ ಮೊಬಿಪಾಕೆಟ್ ಸಂಸ್ಥೆಯ ಮಾದರಿಯಿಂದ ರೂಪುಗೊಂಡ ಕಡತ. ಹೀಗೆ ಓದುಗರ ಪ್ರಪಂಚ ಎರಡು ಪಾಲಾಯಿತು.

ಮಾದರಿಯ ಜೊತೆಗೆ ಬೀಗದ ಸಮಸ್ಯೆಯೂ ಇದೆ. ಅಕ್ರಮ ನಕಲನ್ನು ತಡೆಯಲು ಮಾರಾಟಗಾರರು ಕಡತವನ್ನು ಗೂಢಲಿಪೀಕರಿಸಿ, ಕೀಲಿಯನ್ನು ತಮ್ಮ ಹಿಡಿತದಲ್ಲಿ ಇಟ್ಟುಕೊಳ್ಳುತ್ತಾರೆ. ಇದರ ಪರಿಣಾಮ 2009ರ ಜುಲೈನಲ್ಲಿ ಎಲ್ಲರ ಕಣ್ಣಿಗೂ ಬಿತ್ತು. ಹಕ್ಕಿಲ್ಲದವರು ಮಾರಿದ್ದ ಪ್ರತಿಗಳೆಂದು ಜಾರ್ಜ್ ಆರ್ವೆಲ್‌ರ '1984' ಮತ್ತು 'ಅನಿಮಲ್ ಫಾರ್ಮ್' ಕೃತಿಗಳನ್ನು ಅಮೆಜಾನ್ ಓದುಗರ ಕಿಂಡಲ್‌ಗಳಿಂದ ದೂರದಿಂದಲೇ ಅಳಿಸಿಹಾಕಿತು. ಹಣ ಹಿಂತಿರುಗಿಸಿತು, ಸಂಸ್ಥೆಯ ಮುಖ್ಯಸ್ಥರು ಕ್ಷಮೆಯನ್ನೂ ಕೇಳಿದರು. ಆದರೆ ಒಬ್ಬ ಶಾಲಾ ವಿದ್ಯಾರ್ಥಿ ಪಾಠಕ್ಕಾಗಿ ಬರೆದಿಟ್ಟಿದ್ದ ಟಿಪ್ಪಣಿಗಳು ನಿರುಪಯುಕ್ತವಾಗಿದ್ದವು. 2019ರ ಜುಲೈನಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕ ವಿಭಾಗವನ್ನು ಮುಚ್ಚಿದಾಗ ಮಾರಿದ್ದ ಪುಸ್ತಕಗಳೂ ತೆರೆಯದಂತಾದವು. ಅಲ್ಲಿಯೂ ಹಣ ಮಾತ್ರ ವಾಪಸಾಯಿತು. ಮುದ್ರಿತ ಪುಸ್ತಕದ ಅಂಗಡಿ ಮುಚ್ಚಿದರೆ ನಿಮ್ಮ ಮನೆಯ ಕಪಾಟು ಖಾಲಿಯಾಗುತ್ತದೆಯೇ?

ಈ ನಡುವೆ ಭೌತವಿಜ್ಞಾನದ ಒಬ್ಬ ಸಂಶೋಧನ ವಿದ್ಯಾರ್ಥಿಯ ಕೆಲಸ ಉಲ್ಲೇಖನೀಯ. 2006ರಲ್ಲಿ ಸೋನಿ ರೀಡರ್ ಬಂದಾಗ ಅದು ಲಿನಕ್ಸ್ ಗಣಕಗಳೊಡನೆ ಹೊಂದಿಕೊಳ್ಳುತ್ತಿರಲಿಲ್ಲ. ಕ್ಯಾಲ್‌ಟೆಕ್‌ನಲ್ಲಿ ಓದುತ್ತಿದ್ದ ಭಾರತೀಯ ಮೂಲದ ಕೋವಿದ್ ಗೋಯಲ್ ಅದಕ್ಕಾಗಿ ತಾವೇ ಒಂದು ತಂತ್ರಾಂಶ ಬರೆಯತೊಡಗಿದರು. ಅದೇ ಇಂದು 'ಕ್ಯಾಲಿಬರ್' ಎಂದು ಪ್ರಸಿದ್ಧವಾಗಿದೆ. ಉಚಿತವಾಗಿ ದೊರೆಯುವ ಈ ಮುಕ್ತ ತಂತ್ರಾಂಶ ಬೀಗವಿಲ್ಲದ ಪುಸ್ತಕಗಳನ್ನು ಒಂದು ಮಾದರಿಯಿಂದ ಇನ್ನೊಂದಕ್ಕೆ ಪರಿವರ್ತಿಸುತ್ತದೆ. ಬೀಗವನ್ನು ಮಾತ್ರ ಅದು ತೆರೆಯುವುದಿಲ್ಲ.

ಕನ್ನಡದ ಮಾತು

ಈಗ ನನ್ನ ಟಿಪ್ಪಣಿಗಳಿಗೆ ಬರೋಣ. ಆ ಕಾಲದ ಅನೇಕ ಕನ್ನಡ ತಂತ್ರಾಂಶಗಳು ಇಂಗ್ಲಿಷ್ ಮತ್ತು ಯೂರೋಪಿನ ಅಕ್ಷರಗಳಿಗೆ ಮೀಸಲಾದ ಸಂಕೇತಗಳನ್ನೇ ಎರವಲು ಪಡೆದು, ಅಕ್ಷರ ವಿನ್ಯಾಸದಲ್ಲಿ ಮಾತ್ರ ಕನ್ನಡದ ಆಕಾರಗಳನ್ನು ಜೋಡಿಸಿದ್ದವು. ಅಂದರೆ ಕನ್ನಡ ಇದ್ದದ್ದು ಕಡತದಲ್ಲಲ್ಲ, ಫಾಂಟಿನಲ್ಲಿ! ಫಾಂಟ್ ಕಳೆದುಹೋಯಿತು, ಕನ್ನಡವೂ ಹೋಯಿತು. ಹೆಚ್ಚು ಬಳಕೆಯಲ್ಲಿದ್ದ ಫಾಂಟುಗಳಿಗೆ ಪರಿವರ್ತಕಗಳಿವೆ. ನಾನು ಬಳಸಿದ್ದು ಅಂಥದ್ದಾಗಿರಲಿಲ್ಲ.

1991ರ ಯೂನಿಕೋಡ್ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಪ್ರತ್ಯೇಕ ಸ್ಥಾನವಿತ್ತು. ಅದರಲ್ಲಿ 'ಕ' ಅಕ್ಷರದ ಸಂಖ್ಯೆ ದಶಮಾನದಲ್ಲಿ 3221. ಇದನ್ನು ಬೇರಾವ ಅಕ್ಷರಕ್ಕೂ ಕೊಡುವಂತಿಲ್ಲ. 'ಕನ್ನಡ' ಎಂಬ ಪದದಲ್ಲಿ ಕ, ನ, ವಿರಾಮ ಚಿಹ್ನೆ, ನ, ಡ ಎಂಬ ಐದು ಸಂಕೇತಗಳಿವೆ. ಯುಟಿಎಫ್-8 ಕ್ರಮದಲ್ಲಿ ಒಂದಕ್ಕೆ 3ರಂತೆ 15 ಬೈಟುಗಳು ಬೇಕು. 3 ಲಕ್ಷ ಸಂಕೇತಗಳ ಇಡೀ ಪುಸ್ತಕ 9 ಲಕ್ಷ ಬೈಟುಗಳಲ್ಲಿ ಅಡಗುತ್ತದೆ. ಆದರೆ ಎರಡು 'ನ'ಗಳನ್ನು ಸೇರಿಸಿ 'ನ್ನ' ಎಂದು ತೋರಿಸುವುದು ಸಾಧನದ ತಂತ್ರಾಂಶದ ಹೊಣೆ. ಅದು ಸಮರ್ಥವಾಗಿರದಿದ್ದರೆ ಒತ್ತಕ್ಷರಗಳು ಬಿಡಿಬಿಡಿಯಾಗಿ ಕಾಣುತ್ತವೆ. 2016ರ ಡಿಸೆಂಬರಿನಲ್ಲಿ ಕಿಂಡಲ್ ಅಂಗಡಿ ಐದು ಭಾರತೀಯ ಭಾಷೆಗಳ ಪುಸ್ತಕಗಳನ್ನು ಆರಂಭಿಸಿದಾಗ ಆ ಪಟ್ಟಿಯಲ್ಲಿ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಇದ್ದವು, ಕನ್ನಡ ಇರಲಿಲ್ಲ.

ಹಾಗಾದರೆ ಆಯ್ಕೆ ಹೇಗೆ?

ಇ-ರೀಡರ್ ಕೊಳ್ಳುವ ಮೊದಲು ಒಂದು ಸಣ್ಣ ಕನ್ನಡ ಇಪಬ್ ಕಡತ ಸಿದ್ಧಮಾಡಿಕೊಳ್ಳಿ. ಅದರಲ್ಲಿ 'ಸ್ತ್ರೀ', 'ಸೂರ್ಯ', 'ಜ್ಯೋತ್ಸ್ನಾ', 'ಉಷ್ಣತೆ' ಇಂಥ ಪದಗಳಿರಲಿ. ಸಾಧ್ಯವಾದರೆ ಅಂಗಡಿಯಲ್ಲೋ ಸ್ನೇಹಿತರ ಸಾಧನದಲ್ಲೋ ತೆರೆದು ನೋಡಿ. ಇಪಬ್ ನೇರವಾಗಿ ತೆರೆಯುತ್ತದೆಯೇ, ಪರಿವರ್ತಿಸಬೇಕೇ? ನಿಮ್ಮ ಕಡತವನ್ನು ಕೇಬಲ್ ಮೂಲಕ ಹಾಕಬಹುದೇ? ಎಂದು ವಿಚಾರಿಸಿ. ಕಿಂಡಲ್‌ಗೆ ಇಪಬ್ ಕಳುಹಿಸಲು 2022ರಿಂದ ಅವಕಾಶವಿದೆ. ಆದರೆ ಅದು ಅಮೆಜಾನ್ ವ್ಯವಸ್ಥೆಯ ಮೂಲಕ ಪರಿವರ್ತನೆಯಾಗಿ ಸಾಧನಕ್ಕೆ ಬರುತ್ತದೆ. ಕಥೆ, ಕಾದಂಬರಿಗಳಿಗೆ 6 ಅಂಗುಲದ ಪರದೆ ಸಾಕು. ಸಮೀಕರಣಗಳಿರುವ ಪಿಡಿಎಫ್‌ಗಳೇ ಹೆಚ್ಚಾಗಿದ್ದರೆ 10 ಅಂಗುಲದ್ದು ಬೇಕು. ಬೀಗವಿಲ್ಲದ ಪ್ರತಿ ದೊರೆಯುವಲ್ಲಿ ಅದನ್ನೇ ಕೊಳ್ಳಿ. ಎರಡು ಬೇರೆ ಬೇರೆ ಕಡೆ ನಕಲು ಇಡಿ.

ಅಧ್ಯಾಪಕರಲ್ಲಿ ಇನ್ನೊಂದು ವಿನಂತಿ. ನೀವು ಬರೆದ ಪಾಠಗಳು ಹಳೆಯ ಫಾಂಟಿನಲ್ಲಿದ್ದರೆ, ಅದನ್ನು ಓದಬಲ್ಲ ಗಣಕ ಇನ್ನೂ ಕೆಲಸ ಮಾಡುತ್ತಿರುವಾಗಲೇ ಯೂನಿಕೋಡಿಗೆ ಪರಿವರ್ತಿಸಿ. ನನ್ನ ಟಿಪ್ಪಣಿಗಳಲ್ಲಿ ಉಳಿದದ್ದು ಹಳೆಯ ವಿದ್ಯಾರ್ಥಿಯೊಬ್ಬರು ಜೋಪಾನವಾಗಿ ಇಟ್ಟುಕೊಂಡಿದ್ದ ಎರಡು ಅಧ್ಯಾಯಗಳ ಮುದ್ರಿತ ಪ್ರತಿ ಮಾತ್ರ. ಅದನ್ನು ನೋಡಿ ಮತ್ತೆ ಬೆರಳಚ್ಚು ಮಾಡಿದ್ದೇನೆ, ಈ ಸಲ ಯೂನಿಕೋಡಿನಲ್ಲಿ. ಉಳಿದ ಅಧ್ಯಾಯಗಳು ಆ ಸೀಡಿಯಲ್ಲಿ ಈಗಲೂ ಇವೆ.